ಕೂಲಿಂಗ್ ಕಾಯಿಲ್ ಮೇಲಿನ ತೇಪೆ

ನನ್ನ ಗಂಡ ತೀರಿಕೊಂಡು ಇಪ್ಪತ್ತಮೂರು ದಿನಕ್ಕೆ ನಾನು ಅಂಗಡಿಯ ಶಟರ್ ಎತ್ತಿದೆ. ಧೈರ್ಯ ಮಾಡಿ ಎತ್ತಿದ್ದಲ್ಲ. ಮನೆಯಲ್ಲಿ ಕೂತರೂ ಅಷ್ಟೇ, ಅಂಗಡಿಯಲ್ಲಿ ಕೂತರೂ ಅಷ್ಟೇ ಅನ್ನಿಸಿತ್ತು. ಅಂಗಡಿಯಲ್ಲಾದರೆ ಯಾರೂ ಬಂದು ಎದುರಿಗೆ ಕೂತು ಅಳುವುದಿಲ್ಲ.

ಹೊಸಪೇಟೆಯಲ್ಲಿ ಬಳ್ಳಾರಿ ರಸ್ತೆಗೆ ತಾಗಿದಂತೆ ನಮ್ಮದು ಕಾರುಗಳ ಏಸಿ ರಿಪೇರಿ ಅಂಗಡಿ. ಇಬ್ಬರೂ ಸೇರಿಯೇ ನಡೆಸಿದ್ದು. ಮದುವೆಯಾದ ಹೊಸದರಲ್ಲಿ ನಾನು ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೋಗುತ್ತಿದ್ದೆ. ಅವರು ಗಾಡಿಯ ಕೆಳಗೆ ಮಲಗಿ, ಕೈ ಮಾತ್ರ ಹೊರಗೆ ಚಾಚಿ, "ಹತ್ತು ನಂಬರ್ ಸ್ಪ್ಯಾನರ್ ಕೊಡು" ಅನ್ನುವರು. ಹಾಗೆ ಕೊಡುತ್ತಾ ಕೊಡುತ್ತಾ ಸಾಮಾನಿನ ಹೆಸರು ಬಂದವು. ಆಮೇಲೆ ಪೈಪ್ ಬೆಸುಗೆ ಕಲಿತೆ. "ನಿನ್ನ ಕೈ ನಡುಗಂಗಿಲ್ಲ, ನೀನ ಮಾಡು" ಅಂತ ಬೆಸುಗೆಯ ಕೆಲಸ ಪೂರ್ತಿ ನನಗೇ ಬಿಟ್ಟರು. ಸೋರಿಕೆ ಹುಡುಕುವುದು ಮಾತ್ರ ಅವರದು. ಬಾನೆಟ್ ಎತ್ತಿ, ತಲೆ ಓರೆ ಮಾಡಿ ಒಂದು ಗಳಿಗೆ ನಿಂತರೆ ಸಾಕು, ಎಲ್ಲಿ ಅಂತ ಹೇಳಿಬಿಡುತ್ತಿದ್ದರು. ಕಿವಿಯಿಂದಲೋ ಮೂಗಿನಿಂದಲೋ, ನನಗೆ ಕೊನೆಗೂ ತಿಳಿಯಲಿಲ್ಲ.

ತೀರಿಕೊಂಡ ದಿನ ಬೆಳಿಗ್ಗೆ ಹಲ್ಲುಜ್ಜುತ್ತಾ ಹಿತ್ತಲ ಬಾಗಿಲ ಕಟ್ಟೆಯ ಮೇಲೆ ಕೂತವರು ಮತ್ತೆ ಏಳಲಿಲ್ಲ. ಅವರಿಗೆ ನಲವತ್ತಾರು ವರ್ಷ. ಬಂದವರಿಗೆಲ್ಲ ನಾನೇ ಚಹಾ ಮಾಡಿಕೊಟ್ಟೆ. ಯಾರೋ ಒಬ್ಬರು "ಅಳವ್ವಾ, ಅತ್ತುಬಿಡು" ಅಂತ ನನ್ನ ಬೆನ್ನು ಸವರಿದರು. ಅಳು ಬರಲಿಲ್ಲ. ಬಳ್ಳಾರಿಯ ಹಾಸ್ಟೆಲಿನಿಂದ ಬಂದ ಮಗಳು ಅತ್ತಳು, ಹನ್ನೆರಡು ದಿನ ಇದ್ದು ಪರೀಕ್ಷೆಗೆ ವಾಪಸ್ ಹೋದಳು. ಮನೆಯಲ್ಲಿ ಉಳಿದವರು ನಾನು, ನಮ್ಮ ಅತ್ತೆ ಇಬ್ಬರೇ. ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆನಂತೆ. ಪಕ್ಕದ ಮನೆಯಾಕೆ ರುಚಿ ನೋಡಿ ಹೇಳಿದ ಮೇಲೆಯೇ ಗೊತ್ತಾದದ್ದು. ಅತ್ತೆ ಅದನ್ನೇ ಅನ್ನಕ್ಕೆ ಕಲಸಿಕೊಂಡು ಸುಮ್ಮನೆ ಉಂಡಿದ್ದರು, ನಾನೂ ಉಂಡಿದ್ದೆ.

ಅಂಗಡಿ ತೆರೆದ ಮೂರನೆಯ ದಿನ ಕಂಪ್ಲಿಯ ಬಾಡಿಗೆ ಕಾರೊಂದು ಬಂತು. ಅದರ ಮಾಲೀಕನೂ ಡ್ರೈವರೂ ಒಬ್ಬರೇ, ಐವತ್ತು ದಾಟಿದ ಮನುಷ್ಯ. ಹೆಗಲ ಮೇಲೆ ಟವೆಲ್ಲು. ಗಾಡಿ ಬಿಳಿಯದು ಅಂತ ಹೇಳಬೇಕಷ್ಟೇ. ಸಂಡೂರಿನ ಕಡೆ ಓಡಾಡಿ ಓಡಾಡಿ ಚಕ್ರದ ಮೇಲ್ಭಾಗವೆಲ್ಲ ಅದಿರಿನ ಕೆಂಪು.

"ಅಣ್ಣಾರು ಎಲ್ಲಿ ಹೋಗ್ಯಾರ್ರಿ?" ಅಂದರು.

"ತೀರ್ಕೊಂಡ್ರು."

ಊಟಕ್ಕೆ ಹೋಗಿದ್ದಾರೆ ಅನ್ನುವ ಹಾಗೆ ಹೇಳಿಬಿಟ್ಟೆ. ಆ ಮನುಷ್ಯ ಟವೆಲ್ಲು ಕೈಗೆ ತೆಗೆದುಕೊಂಡು ನಿಂತೇ ಇದ್ದರು.

"ಯಾವಾಗ್ರಿ ಅಕ್ಕಾರ?"

"ಹೋದ ತಿಂಗಳು. ಗಾಡಿ ಏನಾಗೇತಿ ಹೇಳ್ರಿ."

ಏನೋ ಹೇಳಲು ಬಾಯಿ ತೆರೆದರು, ಮತ್ತೆ ಮುಚ್ಚಿದರು. ಆಮೇಲೆ ಗಾಡಿಯ ಸಂಗತಿ ಹೇಳಿದರು. ಏಸಿ ತಂಪು ಕೊಡುತ್ತಿಲ್ಲ. ಬೇರೆ ಎರಡು ಕಡೆ ಗ್ಯಾಸ್ ತುಂಬಿಸಿದ್ದಾಯಿತು. ತುಂಬಿಸಿದಾಗ ನಾಲ್ಕೈದು ದಿನ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಬಿಸಿಗಾಳಿ. ಹಂಪಿ ನೋಡಲು ಬಂದವರನ್ನು ಕೂರಿಸಿಕೊಂಡು ಸುತ್ತುವ ಗಾಡಿ, ಏಪ್ರಿಲ್ ತಿಂಗಳು. ಹತ್ತು ನಿಮಿಷಕ್ಕೇ ಜನ ಇಳಿದು ಬೇರೆ ಗಾಡಿ ಹುಡುಕುತ್ತಾರೆ.

ಏಸಿಯ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ ಅಂತಲೇ ಅರ್ಥ. ಸೋರುವ ಜಾಗ ಮುಚ್ಚದೆ ಎಷ್ಟು ಸಲ ತುಂಬಿದರೂ ಅಷ್ಟೇ. ಇದನ್ನು ಗಿರಾಕಿಗಳಿಗೆ ಹೇಳಿ ಹೇಳಿ ನಮ್ಮವರ ಬಾಯಿ ಸೋತಿತ್ತು. ನಾನು ಗ್ಯಾಸಿನ ಒತ್ತಡ ತೋರಿಸುವ ಜೋಡಿ ಗೇಜ್ ಜೋಡಿಸಿದೆ. ಎರಡೂ ಮುಳ್ಳು ಕೆಳಗೇ ಇದ್ದವು. ಪೈಪಿನ ಜೋಡಣೆಗಳಿಗೆಲ್ಲ ಸೋಪಿನ ನೊರೆ ಹಚ್ಚುತ್ತಾ ಬಂದೆ. ಗ್ಯಾಸ್ ತುಂಬುವ ಬಾಯಿಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು. ಅಲ್ಲಿನ ಚಿಕ್ಕ ವಾಲ್ವ್ ಬದಲಿಸಿದೆ, ಗುಳ್ಳೆ ನಿಂತಿತು. ಗ್ಯಾಸ್ ತುಂಬಿ ಕಳಿಸಿಬಿಟ್ಟೆ.

ಒಂದು ಸೋರಿಕೆ ಸಿಕ್ಕಿತೆಂದು ಇನ್ನೊಂದನ್ನು ಹುಡುಕದೆ ಬಿಡುವುದು ಕಲಿಯುವವರು ಮಾಡುವ ತಪ್ಪು. ಅದು ನನಗೆ ಗೊತ್ತಿತ್ತು. ಆದರೂ ಅವತ್ತು ಗುಳ್ಳೆ ನೋಡಿದ ಕೂಡಲೇ ಸಾಕು ಅನ್ನಿಸಿತು. ಕೆಲಸ ಮುಗಿದರೆ ಸಾಕು, ಆ ಮನುಷ್ಯ ಟವೆಲ್ಲು ಹಿಡಿದು ನಿಂತಿರುವುದು ಮುಗಿದರೆ ಸಾಕು.

ಐದನೆಯ ದಿನ ಗಾಡಿ ವಾಪಸ್ ಬಂತು. ಅವರು ಜಗಳಕ್ಕೆ ಬರಲಿಲ್ಲ. "ಮತ್ತ ಹಂಗ ಆಗೇತ್ರಿ" ಅಂತ ಮೆಲ್ಲಗೆ ಅಂದು, ತಾವೇ ತಪ್ಪು ಮಾಡಿದವರಂತೆ ಬಾನೆಟ್ ಎತ್ತಿ ನಿಲ್ಲಿಸಿದರು. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ನನ್ನ ತಪ್ಪು, ಗಾಡಿ ಇಲ್ಲೇ ಬಿಟ್ಟು ಹೋಗಿ, ಈ ಸಲ ಪೂರ್ತಿ ನೋಡುತ್ತೇನೆ ಅಂತ ಹೇಳಿದೆ. ಅವರು ಕಂಪ್ಲಿ ಬಸ್ಸು ಹತ್ತಿದರು.

ಉಳಿದಿದ್ದ ಗ್ಯಾಸನ್ನೆಲ್ಲ ಮಷಿನ್ನಿಗೆ ಎಳೆದುಕೊಂಡು, ಪೈಪಿನೊಳಗೆ ನೈಟ್ರೋಜನ್ ತುಂಬಿದೆ. ಗೇಜಿನ ಗಾಜಿನ ಮೇಲೆ, ಮುಳ್ಳು ನಿಂತಲ್ಲಿ ಪೆನ್ನಿನಿಂದ ಗೆರೆ ಎಳೆದು ಶಟರ್ ಇಳಿಸಿ ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಮುಳ್ಳು ಗೆರೆಯಿಂದ ಎರಡು ಬೆರಳು ಕೆಳಗೆ. ಮತ್ತೆ ತುಂಬಿ, ಕಂಪ್ರೆಸರ್, ಮುಂದಿನ ಜಾಲರಿ, ಪೈಪು, ಒಂದೊಂದನ್ನೂ ನೊರೆಯಲ್ಲಿ ಮುಳುಗಿಸಿದಂತೆ ಮಾಡಿದೆ. ಎಲ್ಲೂ ಒಂದು ಗುಳ್ಳೆಯಿಲ್ಲ. ಗ್ಯಾಸಿನ ಜೊತೆ ಎಣ್ಣೆ ಜಿನುಗಿದ್ದರೆ ಸಂಡೂರಿನ ಧೂಳು ಅಲ್ಲಿ ಕೂತು ಕೆಂಪು ಕೆಸರಾಗಿರಬೇಕಿತ್ತು, ಅದೂ ಇಲ್ಲ. ಹೊರಗೆ ಸೋರುತ್ತಿಲ್ಲ ಅಂದಮೇಲೆ ಒಳಗೇ.

ಕಾರಿನ ಏಸಿಯಿಂದ ನೆಲಕ್ಕೆ ನೀರು ತೊಟ್ಟಿಕ್ಕುವ ಒಂದು ರಬ್ಬರ್ ಕೊಳವೆ ಇರುತ್ತದೆ. ಅದು ಡ್ಯಾಶ್‌ಬೋರ್ಡಿನ ಹಿಂದೆ ಇರುವ ಕೂಲಿಂಗ್ ಕಾಯಿಲ್‌ನ ಪೆಟ್ಟಿಗೆಯಿಂದ ಬರುವುದು. ಗಾಡಿಯ ಕೆಳಗೆ ಮಲಗಿ ಆ ಕೊಳವೆಯ ಬಾಯಿಗೆ ನೊರೆ ಮೆತ್ತಿ ಕಾದೆ. ಒಂದು ಗುಳ್ಳೆ ನಿಧಾನಕ್ಕೆ ನಿಂಬೆಹಣ್ಣಿನಷ್ಟಾಯಿತು, ಒಡೆಯಿತು. ಮತ್ತೊಂದು ಎದ್ದಿತು. ಸೋರುವುದು ಕೂಲಿಂಗ್ ಕಾಯಿಲ್. ಅದನ್ನು ನೋಡಬೇಕೆಂದರೆ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು, ಒಂದು ಪೂರ್ತಿ ದಿನದ ಕೆಲಸ. ಮಾಲೀಕರಿಗೆ ಫೋನಿನಲ್ಲಿ ಹೇಳಿದೆ. "ನೀವು ಹೆಂಗಂತೀರಿ ಹಂಗ್ರಿ" ಅಂದರು.

ಮರುದಿನ ಬೆಳಿಗ್ಗೆ ಬ್ಯಾಟರಿ ವಯರ್ ಕಳಚಿ, ಸ್ವಲ್ಪ ಹೊತ್ತು ಬಿಟ್ಟು, ಸ್ಟೀರಿಂಗ್ ಕಡೆಯಿಂದ ಶುರು ಮಾಡಿದೆ. ಬಿಚ್ಚಿದ ಸ್ಕ್ರೂಗಳನ್ನು ರಟ್ಟಿನ ತುಂಡಿಗೆ ಚುಚ್ಚಿ, ಎಲ್ಲಿಯದು ಅಂತ ಪಕ್ಕದಲ್ಲಿ ಬರೆಯುತ್ತಾ ಹೋದೆ. ಈ ಕೆಲಸ ನನಗೆ ಆಗ ಹಿತವಾಗಿತ್ತು. ಒಂದಾದ ಮೇಲೆ ಒಂದು, ಯೋಚಿಸುವುದೇನೂ ಇಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಡ್ಯಾಶ್‌ಬೋರ್ಡಿನ ಹಿಂದಿನ ಕಬ್ಬಿಣದ ಅಡ್ಡಪಟ್ಟಿಗೆ ಬಂದೆ. ಅದರ ಬೋಲ್ಟುಗಳ ತಲೆಯ ಮೇಲೆ ಒಂದೊಂದು ಕೆಂಪು ಚುಕ್ಕೆ.

ಅದು ನನ್ನ ನೇಲ್ ಪಾಲಿಶ್. ಬೋಲ್ಟ್ ಬಿಗಿ ಮಾಡಿಯಾದ ಮೇಲೆ ಗುರುತಿಗೆ ಅಂತ ನಮ್ಮವರು ನನ್ನ ಬಾಟಲಿಯನ್ನೇ ಅಂಗಡಿಗೆ ಒಯ್ದಿಟ್ಟುಕೊಂಡಿದ್ದರು. ಹೊಸಪೇಟೆಯಲ್ಲಿ ಇನ್ಯಾರೂ ಹಾಗೆ ಮಾಡುವುದನ್ನು ನಾನು ನೋಡಿಲ್ಲ. ಅಂದರೆ ಈ ಗಾಡಿಯನ್ನು ಅವರು ಹಿಂದೆ ಬಿಚ್ಚಿದ್ದಾರೆ. ಇಷ್ಟು ದೊಡ್ಡ ಕೆಲಸ, ನನಗೆ ಗೊತ್ತೇ ಇಲ್ಲ.

ಪೆಟ್ಟಿಗೆ ತೆರೆದು ಕಾಯಿಲ್ ಹೊರಗೆ ಎಳೆದೆ. ಎಲೆಯ ಚೂರು, ಕೆಂಪು ಮಣ್ಣು, ಒದ್ದೆ ವಾಸನೆ. ಬಲಗಡೆಯ ಮೂಲೆಯಲ್ಲಿ, ಪೈಪು ಬಾಗುವಲ್ಲಿ, ಬೂದು ಬಣ್ಣದ ಒಂದು ತೇಪೆ. ಎರಡು ಟ್ಯೂಬಿನ ಅಂಟು ಕಲಸಿ ಹಚ್ಚಿ, ಒದ್ದೆ ಬೆರಳಿನಿಂದ ನಯ ಮಾಡಿದ್ದರು. ಬೆರಳು ಹರಿದ ಗುರುತು ಇನ್ನೂ ಇತ್ತು. ತೇಪೆಯ ಒಂದು ಅಂಚು ಬಿಟ್ಟುಕೊಂಡಿತ್ತು, ಸೋರಿಕೆ ಅಲ್ಲಿಂದಲೇ.

ಕಾಯಿಲ್ಲಿಗೆ ಅಂಟು ಹಚ್ಚುವುದು ಮೋಸದ ಕೆಲಸ ಅಂತ ನನಗೆ ಕಲಿಸಿದವರು ಅವರೇ. ಹಾಗೆ ಮಾಡುವ ಅಂಗಡಿಗಳನ್ನು ಹೆಸರು ಹಿಡಿದು ಬೈಯುತ್ತಿದ್ದರು. ಹೊಸದು ಹಾಕಿದ್ದೇನೆ ಅಂತ ಹೇಳಿ ಹಳೆಯದಕ್ಕೇ ತೇಪೆ ಹಚ್ಚಿ ಕಳಿಸಿದರೇ? ನನಗೆ ಹೇಳದೆ? ಕಾಯಿಲ್ಲನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತೆ. ಸಿಟ್ಟು ಬರುತ್ತದೇನೋ ಅಂತ ಕಾದೆ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಕೆನ್ನೆ ಮುಟ್ಟಿ ನೋಡಿಕೊಳ್ಳುತ್ತೇವಲ್ಲ, ಹಾಗೆ ನನ್ನನ್ನೇ ಮುಟ್ಟಿ ನೋಡಿಕೊಂಡೆ. ಏನೂ ಇರಲಿಲ್ಲ. ರಸ್ತೆಯಲ್ಲಿ ತೋರಣಗಲ್ಲಿನ ಕಡೆ ಹೋಗುವ ಫ್ಯಾಕ್ಟರಿ ಬಸ್ಸುಗಳು ಒಂದರ ಹಿಂದೆ ಒಂದು ಹೋದವು. ಎರಡನೆಯ ಪಾಳಿ ಶುರುವಾಗುವ ಹೊತ್ತು.

ಸುಮ್ಮನೆ ಹೊಸ ಕಾಯಿಲ್ ಹಾಕಿ ಮುಚ್ಚಿಬಿಡಬಹುದಿತ್ತು. ಹಳೆಯ ಕಾಯಿಲ್ ಗುಜರಿಗೆ ಹೋದರೆ ಕೇಳುವವರಾರು? ಒಂದರ್ಧ ಗಂಟೆ ಹಾಗೇ ಮಾಡಬೇಕೆಂದಿದ್ದೆ. ಆಮೇಲೆ ಕಂಪ್ಲಿಗೆ ಫೋನ್ ಮಾಡಿ, "ಅಣ್ಣಾರ, ಒಂದ್ಸಲ ಬಂದು ನೋಡಿ ಹೋಗ್ರಿ" ಅಂದೆ. ಯಾಕೆ ಹಾಗೆ ಮಾಡಿದೆನೋ ಸರಿಯಾಗಿ ಹೇಳಲಾರೆ. ಸುಳ್ಳು ಹೇಳುವುದಕ್ಕೂ ಒಂದಿಷ್ಟು ಚೈತನ್ಯ ಬೇಕು, ಅದು ನನ್ನಲ್ಲಿರಲಿಲ್ಲ ಅನ್ನಿಸುತ್ತದೆ.

ಮೂರು ಗಂಟೆಗೆ ಬಂದರು. ಕಾಯಿಲ್ಲನ್ನು ಮೇಜಿನ ಮೇಲಿಟ್ಟು ತೇಪೆ ತೋರಿಸಿದೆ.

"ಇದು ನಮ್ಮ ಮನಿಯವ್ರು ಮಾಡಿದ ಕೆಲಸ. ಹೊಸಾದು ಹಾಕೀನಂತ ನಿಮಗ ಹೇಳಿದ್ದರೇನು?"

ಆ ಮನುಷ್ಯ ಕಾಯಿಲ್ಲನ್ನು ನೋಡಿದರು, ನನ್ನನ್ನು ನೋಡಿದರು. "ಅಯ್ಯ, ಇಲ್ರೀ ಅಕ್ಕಾರ. ನನಗ ಗೊತ್ತಿತ್ತು. ನಾನ ಕೈ ಮುಗದು ಹಚ್ಚಿಸಿದ್ದು."

"ಮತ್ತ ಅವತ್ತ ಯಾಕ ಹೇಳಲಿಲ್ಲ?"

"ಹೇಳಬೇಕಂತ ಬಾಯಿ ತಗದಿದ್ದೆ. ತೀರ್ಕೊಂಡ್ರು ಅಂದ್ರಿ. ಈಗ ಆ ಮಾತು ಎತ್ತಿದ್ರ ಸತ್ತವರ ಮ್ಯಾಲ ದೂರು ಹೇಳಿದಂಗ ಆಕ್ಕೈತಿ ಅಂತ ಸುಮ್ಮನಾದೆ."

ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದರು. ಎರಡು ವರ್ಷದ ಹಿಂದೆ, ಮೇ ತಿಂಗಳು. ಅವರ ಮಗಳ ಮದುವೆ. ಗಂಡಿನ ಮನೆ ಸಂಡೂರು, ಮದುವೆ ಅಲ್ಲಿಯೇ. ಹೆಣ್ಣನ್ನು ಕಂಪ್ಲಿಯಿಂದ ಇದೇ ಕಾರಿನಲ್ಲಿ ಕರೆದೊಯ್ಯಬೇಕು. ಹಿಂದಿನ ದಿನ, ಭಾನುವಾರ, ಏಸಿ ಕೈ ಕೊಟ್ಟಿತು. ನಮ್ಮವರು ಬಿಚ್ಚಿ ನೋಡಿದರೆ ಕಾಯಿಲ್ ತೂತು. ಭಾನುವಾರ ಹೊಸ ಕಾಯಿಲ್ ಎಲ್ಲಿಯೂ ಸಿಗಲಿಲ್ಲ. ಆಗುವುದಿಲ್ಲ, ಬೇರೆ ಗಾಡಿ ನೋಡಿಕೊಳ್ಳಿ ಅಂದರಂತೆ.

"ನಾನು ಬಿಡಲಿಲ್ರಿ. ಅಪ್ಪನ ಗಾಡ್ಯಾಗ ಹೋಗ್ತೀನಂತ ಮಗಳು ಹಟ ಹಿಡದಿದ್ಲು. ಬಿಸಿಲಾಗ ಆಕಿ ಮಾರಿಗೆ ಹಚ್ಚಿದ್ದೆಲ್ಲ ಇಳದು ಹೊಕ್ಕೈತಿ, ಏನಾರ ಮಾಡ್ರಿ ಅಂದೆ. ಒಂದ ದಿನಕ್ಕ ಅಷ್ಟ, ನಾಡಿದ್ದು ಗಾಡಿ ತಂದು ನಿಲ್ಲಿಸಬೇಕು, ಹೊಸಾದು ಹಾಕ್ತೀನಿ ಅಂತ ಮಾತು ತಗೊಂಡು ಹಚ್ಚಿದ್ರು. ಮುಂದೇನು, ಮದುವಿ ಗದ್ದಲ. ಏಸಿ ತಂಪ ಇತ್ತು. ನಾನ ತರಲಿಲ್ಲ. ಎರಡು ಸಲ ಫೋನ್ ಮಾಡಿದ್ರು ಅವ್ರು. ನಾಳೆ ಬರ್ತೀನಿ, ನಾಡಿದ್ದು ಬರ್ತೀನಿ ಅಂದೆ."

ನಾನು ಆ ಭಾನುವಾರ ಮಗಳನ್ನು ಹಾಸ್ಟೆಲಿಗೆ ಸೇರಿಸಲು ಬಳ್ಳಾರಿಗೆ ಹೋಗಿದ್ದೆ. ಮೂರು ದಿನ ಅಲ್ಲಿಯೇ ಇದ್ದೆ.

"ಇನ್ನೊಂದು ಹೇಳ್ತೀನ್ರಿ," ಅಂದರು. "ಮದುವಿ ದಿನ ಬೆಳಿಗ್ಗಿ ಅಣ್ಣಾರು ತಾವ ಬಸ್ ಹತ್ತಿ ಕಂಪ್ಲಿಗೆ ಬಂದ್ರು. ಹಾದ್ಯಾಗ ತೇಪಿ ಬಿಟ್ಟುಕೊಂಡ್ರ ನಾನು ಇರ್ತೀನಿ ಅಂತ ಹೇಳಿ ಗೇಜು ತೊಡಿಮ್ಯಾಲ ಇಟ್ಟುಕೊಂಡು ಮುಂದ ಕುಂತ್ರು. ಸಂಡೂರು ಮುಟ್ಟೂತನ ಒಂದ ಸವನ ಏಸಿ ಗಾಳಿಗೆ ಕೈ ಹಿಡಕೊಂಡ ಕುಂತಿದ್ರು. ಹಿಂದ ನನ್ನ ಮಗಳು, ಆಕಿ ಗೆಳತ್ಯಾರು ನಕ್ಕದ್ದ ನಕ್ಕದ್ದು. ಮದುವಿ ಮನ್ಯಾಗ ಮೊದಲ ಪಂಕ್ತ್ಯಾಗ ಕುಂದ್ರಿಸಿ ಉಣ್ಣಿಸಿದೆ."

ಬಳ್ಳಾರಿಯಿಂದ ವಾಪಸ್ ಬಂದಾಗ ಮನೆಯಲ್ಲಿ ತೆಂಗಿನಕಾಯಿ, ಲಾಡು ಇದ್ದ ಬಟ್ಟೆಯ ಚೀಲ ನೋಡಿ, ಯಾರ ಮದುವೆ ಅಂತ ಕೇಳಿದ್ದೆ. "ಗಿರಾಕಿ ಒಬ್ರದು" ಅಂದಿದ್ದರು. ಅಷ್ಟೇ. ತೇಪೆ ಹಚ್ಚಿದ್ದನ್ನು ನನಗೆ ಹೇಳಲು ಅವರಿಗೆ ನಾಚಿಕೆಯಾಗಿರಬೇಕು. ನಾನು ನಗುತ್ತಿದ್ದೆನೋ ಬೈಯುತ್ತಿದ್ದೆನೋ. ಎರಡನ್ನೂ ಮಾಡಿರುತ್ತಿದ್ದೆ.

ಅವರು ಹೇಳುವುದು ಮುಗಿದ ಮೇಲೆ ನಾನೇನಾದರೂ ಅನ್ನಬೇಕೆಂದು ಕಾಯುತ್ತಿದ್ದರು. "ಹೊಸಾ ಕಾಯಿಲ್ ನಾಳೆ ಬರ್ತೈತಿ. ನಾಡಿದ್ದು ಗಾಡಿ ಒಯ್ಯಾಕ ಬರ್ರಿ" ಅಂದೆ. ಆ ಮನುಷ್ಯ ಹೋಗುವಾಗ ಬಾಗಿಲಲ್ಲಿ ನಿಂತು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ನನಗಿಂತ ಅವರೇ ಹೆಚ್ಚು ಅತ್ತಿದ್ದರು.

ಮಾರನೆಯ ದಿನ ಕಾಯಿಲ್ ಬಂತು. ಜೋಡಣೆಗೆ ಹೊಸ ರಬ್ಬರ್ ರಿಂಗುಗಳನ್ನು ಎಣ್ಣೆಯಲ್ಲಿ ಅದ್ದಿ ಕೂರಿಸಿದೆ. ನೈಟ್ರೋಜನ್ ತುಂಬಿ ಬಿಟ್ಟೆ. ಮುಳ್ಳು ಮಧ್ಯಾಹ್ನದವರೆಗೂ ಗೆರೆ ಬಿಟ್ಟು ಕದಲಲಿಲ್ಲ. ಡ್ಯಾಶ್‌ಬೋರ್ಡನ್ನು ರಟ್ಟಿನ ಮೇಲಿನ ಬರಹ ಓದುತ್ತಾ ಕೊನೆಯಲ್ಲಿ ಬಿಚ್ಚಿದ್ದನ್ನು ಮೊದಲು ಅನ್ನುವಂತೆ ಜೋಡಿಸಿದೆ. ಒಂದು ಸ್ಕ್ರೂ ಉಳಿಯಿತು. ಎಲ್ಲಿಯದೆಂದು ಹುಡುಕಿ ಅರ್ಧ ಡ್ಯಾಶ್‌ಬೋರ್ಡ್ ಮತ್ತೆ ಬಿಚ್ಚಿ ಹಾಕಿದೆ. ಒಳಗಿನ ಗಾಳಿಯನ್ನೂ ತೇವವನ್ನೂ ಪಂಪಿನಿಂದ ಎಳೆದು, ಕೊನೆಗೆ ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟು, ಬಾನೆಟ್ ಒಳಗೆ ಬರೆದಿರುವ ತೂಕದಷ್ಟೇ ಗ್ಯಾಸ್ ಬಿಟ್ಟೆ.

ಮರುದಿನ ಅವರು ಬಂದಾಗ ಅವಸರದಲ್ಲಿದ್ದರು. ಹಂಪಿ ಬಜಾರಿನ ಹತ್ತಿರ ವಯಸ್ಸಾದ ಗಂಡ ಹೆಂಡತಿ ಕಾಯುತ್ತಿದ್ದಾರೆ, ಅವರನ್ನು ಬಾದಾಮಿಗೆ ಕರೆದೊಯ್ಯಬೇಕು. ಗಾಡಿ ಓಡಿಸಿ ನೋಡದೆ ಕಳಿಸಲು ಈ ಸಲ ನಾನು ಒಪ್ಪಲಿಲ್ಲ. "ಹಂಗಾರ ಹಂಪಿತನ ನೀವೂ ಬರ್ರಿ, ಅಲ್ಲಿಂದ ಬಸ್ಸಿಗೆ ಹತ್ತಿಸ್ತೀನಿ" ಅಂದರು. ಥರ್ಮಾಮೀಟರ್ ತೆಗೆದುಕೊಂಡು ಮುಂದಿನ ಸೀಟಿನಲ್ಲಿ ಕೂತೆ.

ಕಡ್ಡಿರಾಂಪುರ ದಾಟುವ ಹೊತ್ತಿಗೆ ಹೊರಗೆ ಬಂಡೆಗಳೆಲ್ಲ ಕಾದು ಬೆಳ್ಳಗೆ ಕಾಣುತ್ತಿದ್ದವು. ಗಾಳಿ ಬರುವ ಕಿಂಡಿಗೆ ಸಿಕ್ಕಿಸಿದ ಥರ್ಮಾಮೀಟರ್ ಹನ್ನೆರಡಕ್ಕೆ ಇಳಿಯಿತು, ಒಂಬತ್ತಕ್ಕೆ, ಆಮೇಲೆ ಏಳಕ್ಕೆ ನಿಂತಿತು.

"ಅವ್ರೂ ಹಿಂಗ ಕುಂತಿದ್ರು" ಅಂದರು, ರಸ್ತೆ ನೋಡುತ್ತಲೇ.

"ಹೌದಾ" ಅಂದೆ. ಥರ್ಮಾಮೀಟರ್ ತೆಗೆದು ಆ ಜಾಗದಲ್ಲಿ ಕೈ ಹಿಡಿದೆ. ಬೆರಳುಗಳ ತುದಿ ಮೊದಲು ತಣ್ಣಗಾಯಿತು, ಆಮೇಲೆ ಅಂಗೈ. ಒಂದು ತಿಂಗಳ ಮೇಲೆ ನನ್ನ ಕೈಗೆ ಏನೋ ಒಂದು ಸ್ಪಷ್ಟವಾಗಿ ತಿಳಿಯಿತು. ಹಂಪಿ ಬರುವವರೆಗೂ ಹಾಗೇ ಕೂತಿದ್ದೆ.

ಬಜಾರಿನಲ್ಲಿ ಆ ದಂಪತಿಗೆ ನನ್ನನ್ನು ತೋರಿಸಿ, "ಏಸಿ ಮಾಡಿದವ್ರು ಇವ್ರೇ" ಅಂತ ತಮಗೆ ಬರುವ ಹಿಂದಿಯಲ್ಲಿ ಹೇಳಿದರು. ಆ ಹೆಂಗಸು ನನ್ನ ಕೈ ಹಿಡಿದು ಏನೋ ಒಳ್ಳೆಯ ಮಾತಾಡಿದರು. ಅರ್ಥವಾಗಲಿಲ್ಲ. ನಕ್ಕೆ. ಕಾರು ಹೋಯಿತು. ಬಸ್ಸಿಗೆ ಮುಕ್ಕಾಲು ಗಂಟೆ ಇದೆ ಅಂದರು. ಸಾಲು ಮಂಟಪದ ನೆರಳಲ್ಲಿ ಕೂತೆ. ಒಬ್ಬಾಕೆ ಕಲ್ಲಂಗಡಿ ಹೋಳು ಮಾರುತ್ತಿದ್ದಳು, ಒಂದು ತಟ್ಟೆ ಕೊಂಡು ತಿಂದೆ. ಅಳು ಬರಬಹುದಾದ ಜಾಗ ಅದು, ಹೊತ್ತೂ ಅಂಥದ್ದೇ. ಬರಲಿಲ್ಲ. ಬೀಜ ಉಗುಳುತ್ತಾ, ಮಂಗಗಳು ಯಾತ್ರಿಕರ ಚೀಲ ಎಳೆಯುವುದನ್ನು ನೋಡುತ್ತಾ ಕೂತಿದ್ದೆ. ಅಳು ಬಂದದ್ದು ಎಷ್ಟೋ ತಿಂಗಳ ಮೇಲೆ, ಬ್ಯಾಂಕಿನ ಸಾಲಿನಲ್ಲಿ ನಿಂತಾಗ, ಯಾವ ಕಾರಣವೂ ಇಲ್ಲದೆ.

ಸಂಜೆ ಊಟಕ್ಕೆ ಕೂತಾಗ ಅತ್ತೆಗೆ ಎಲ್ಲ ಹೇಳಿದೆ. ತೇಪೆ, ಮದುವೆ, ತೊಡೆಯ ಮೇಲಿನ ಗೇಜು. ಅವರು ಕೈ ತಟ್ಟೆಯಲ್ಲಿಟ್ಟುಕೊಂಡು ಪೂರ್ತಿ ಕೇಳಿದರು.

"ಗಾಳಿಗೆ ಕೈ ಹಿಡಕೊಂಡ ಕುಂತಿದ್ನಂತ?" ಅಂದರು.

"ಹೂಂನ್ರಿ. ಸಂಡೂರತನ."

"ಸಣ್ಣಾಂವಿದ್ದಾಗಿಂದ ಹಂಗ ಅಂವ," ಅಂದರು. ಎಷ್ಟೋ ದಿನಕ್ಕೆ ಮಗನ ಬಗ್ಗೆ ಅವರ ಬಾಯಿಂದ ಬಂದ ಮೊದಲ ಮಾತು. ಆಮೇಲೆ ಕೈ ತೊಳೆದು ಒಳಗೆ ಹೋದರು.

ಮರುದಿನ ನಾನು ಅಂಗಡಿಗೆ ಹೊರಟಾಗ ಅವರೂ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದರು. "ನಾನೂ ಬರ್ತೀನಿ. ಮನ್ಯಾಗ ಒಬ್ಬಾಕಿ ಏನ್ ಮಾಡ್ಲಿ?" ಬಂದರು. ಗೋಡೆಗೆ ಒರಗಿ ಕೂತು ನನ್ನ ಕೆಲಸ ನೋಡಿದರು. ಸ್ವಲ್ಪ ಹೊತ್ತಿಗೆ ಬೇಸರವಾಗಿರಬೇಕು, ರಬ್ಬರ್ ರಿಂಗುಗಳ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಬೇಳೆ ಆರಿಸುವ ಹಾಗೆ, ಅಳತೆ ನೋಡಿ ಬೇರೆ ಬೇರೆ ಮಾಡತೊಡಗಿದರು. ಈಗ ದಿನಾ ಬರುತ್ತಾರೆ. ಮೆಟ್ರಿ, ಕಂಪ್ಲಿ ಕಡೆಯ ಗಾಡಿಗಳು ಮೊದಲಿಗಿಂತ ಹೆಚ್ಚು ಬರುತ್ತವೆ. ಆ ಮನುಷ್ಯ ಹೇಳಿ ಕಳಿಸುತ್ತಾರೆ. ನಾನು ಗಾಡಿಯ ಕೆಳಗೆ ಮಲಗಿರುವಾಗ ಯಾರಾದರೂ ಬಂದು ಮೆಕ್ಯಾನಿಕ್ ಎಲ್ಲಿ ಅಂತ ಕೇಳಿದರೆ, ಅತ್ತೆ ಕಾಲು ಚಾಚಿಕೊಂಡೇ ಉತ್ತರ ಕೊಡುತ್ತಾರೆ.

"ಕುಂದ್ರಿ. ಬರ್ತಾಳ."